ರೇಡಿಯೋಕ್ಕೆ ನೀರು ಹಾಕುವವಳು

ಆಗಿನ ರೇಡಿಯೋಗಳಿಗೆ ದಿನಾ ನೀರು ಹಾಕಬೇಕಿತ್ತು. ಈ ಮಾತು ಹೇಳಿದರೆ ನನ್ನ ಮೊಮ್ಮಕ್ಕಳು ಅಜ್ಜಿಗೆ ಅರಳುಮರಳು ಎಂದು ನಗುತ್ತಾರೆ. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಮಾತ್ರ ತಮ್ಮ ಮನೆಯ ಹಿತ್ತಲ ಗೋಡೆಯ ಬುಡದಲ್ಲಿದ್ದ ಆ ಗುಂಡಿ ನೆನಪಾಗಬಹುದು. ಮಾಳಿಗೆಯ ಮೇಲೆ ಎರಡು ಬಿದಿರು ಗಳ ನೆಟ್ಟು, ನಡುವೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ತಂತಿ ಎಳೆದು ಕಟ್ಟಿರುತ್ತಿದ್ದರು. ಅದು ಏರಿಯಲ್. ರೇಡಿಯೋದ ಬೆನ್ನಿನಿಂದ ಹೊರಟ ಇನ್ನೊಂದು ತಂತಿ ಕಿಟಕಿಯಿಂದ ಇಳಿದು ಹಿತ್ತಲ ನೆಲಕ್ಕೆ ಹೋಗುತ್ತಿತ್ತು. ಅದು ಅರ್ತ್. ಗುಂಡಿ ತೋಡಿ, ಇದ್ದಿಲು ಮತ್ತು ಕಲ್ಲುಪ್ಪು ತುಂಬಿ, ನಡುವೆ ತಾಮ್ರದ ತಗಡು ಹೂತು, ಅದಕ್ಕೆ ಈ ತಂತಿಯನ್ನು ಬಿಗಿದಿರುತ್ತಿದ್ದರು. ಆ ಜಾಗ ಸದಾ ಹಸಿಯಾಗಿರಬೇಕು, ಒಣಗಿದರೆ ಹಾಡಿಗಿಂತ ಗೊರಗೊರ ಸದ್ದೇ ಜಾಸ್ತಿಯಾಗುತ್ತದೆ ಎಂದು ಕೂಡಿಸಿಕೊಟ್ಟ ಮೆಕ್ಯಾನಿಕ್ಕು ಎರಡೆರಡು ಸಲ ಹೇಳಿ ಹೋಗಿದ್ದ.

ನಮ್ಮ ಮನೆ ಇದ್ದದ್ದು ದಾವಣಗೆರೆಯ ಹಳೇಪೇಟೆಯಲ್ಲಿ. ಅಪ್ಪನದು ಬಟ್ಟೆ ಅಂಗಡಿ. ನಾನು ನಾಲ್ಕನೇ ಕ್ಲಾಸು ಮುಗಿಸುವ ಹೊತ್ತಿಗೆ ಮನೆಗೆ ರೇಡಿಯೋ ಬಂತು. ನಮ್ಮ ಓಣಿಗೆ ಅದೇ ಮೊದಲನೆಯದು. ಅದನ್ನು ಪಡಸಾಲೆಯ ಗೂಡಿನಲ್ಲಿಟ್ಟು, ಅವ್ವ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಗುಂಡಿ ತಿರುವಿದ ಕೂಡಲೇ ಮಾತಾಡುವ ಜಾತಿಯಲ್ಲ ಅದು. ಮೊದಲು ಒಳಗಿನ ದೀಪಗಳು ಬಿಸಿಯಾಗಬೇಕು, ಧೂಳು ಕಾಯ್ದ ವಾಸನೆ ಬರಬೇಕು, ಆಮೇಲೆ ಗಾಜಿನ ಹಿಂದಿನ ಹಸಿರು ದೀಪದ ಕಣ್ಣು ನಿಧಾನವಾಗಿ ತೆರೆಯಬೇಕು. ನನಗೆ ಹಾಡಿಗಿಂತ ಆ ವಾಸನೆ ಇಷ್ಟವಾಗಿತ್ತು. ಮಂಡಕ್ಕಿ ಭಟ್ಟಿಯ ಹೊಗೆ, ಹತ್ತಿ ಮಿಲ್ಲಿನ ಸೈರನ್ನು, ಪಕ್ಕದ ಹಿಟ್ಟಿನ ಗಿರಣಿಯ ಟಕಟಕ, ಇವೆಲ್ಲದರ ನಡುವೆ ಧಾರವಾಡದಿಂದ ಒಬ್ಬರು ಮಾತಾಡುತ್ತಿದ್ದಾರೆ ಎಂಬುದನ್ನು ನಂಬಲು ಎಷ್ಟೋ ದಿನ ಬೇಕಾಯಿತು.

ಬರುವುದೇನೋ ಬರುತ್ತಿತ್ತು, ಆದರೆ ಒಂದೇ ತರ ಬರುತ್ತಿರಲಿಲ್ಲ. ಲಾರಿ ಹೋದರೆ ಚರ್ರ್ ಎನ್ನುತ್ತಿತ್ತು. ಗಿರಣಿ ಶುರುವಾದರೆ ಹಾಡುವವರ ಗಂಟಲಿಗೆ ಹೊಟ್ಟು ಸಿಕ್ಕಿದಂತಾಗುತ್ತಿತ್ತು. ಎಲ್ಲೋ ದೂರದಲ್ಲಿ ಮಿಂಚಿದರೂ ನಮ್ಮ ಗೂಡಿನಲ್ಲಿ ಪಟ್ಟೆಂದು ಸದ್ದಾಗುತ್ತಿತ್ತು. ನಾವು ಇದಕ್ಕೆಲ್ಲ ಹೊಂದಿಕೊಂಡಿದ್ದೆವು. ಕೇಳಿಸದ ಮಾತನ್ನು ಮನಸ್ಸಿನಲ್ಲೇ ತುಂಬಿಕೊಂಡು, ಕೇಳಿದೆವೆಂದೇ ತಿಳಿಯುತ್ತಿದ್ದೆವು.

ಅರ್ತಿಗೆ ನೀರು ಹಾಕುವ ಕೆಲಸವನ್ನು ಅಪ್ಪ ನನ್ನ ಅಣ್ಣ ಶಿವುಗೆ ಕೊಡುವುದರಲ್ಲಿದ್ದ. ನಾನು ಅತ್ತು ಕರೆದು, ಒಂದು ಹೊತ್ತು ಊಟ ಬಿಟ್ಟು, ಅದನ್ನು ಕಿತ್ತುಕೊಂಡೆ.

"ಗಿರಿಜಾನೇ ಹಾಕ್ಲಿ ಬಿಡೋ ಶಿವೂ," ಎಂದ ಅಪ್ಪ. "ಆದ್ರೆ ನೋಡವ್ವಾ, ದಿನಾ ಎರಡು ಕೊಡ. ಒಂದಿನಾನೂ ತಪ್ಪಿಸಬಾರದು. ತಪ್ಪಿತೋ, ಮಾರನೇ ದಿನದಿಂದ ಶಿವೂದು."

ಓಣಿಯಲ್ಲಿ ನನ್ನ ಹೆಸರೇ ಬದಲಾಯಿತು. ರೇಡಿಯೋಕ್ಕೆ ನೀರು ಹಾಕೋಳು ಎಂದು ಹುಡುಗಿಯರು ಚೇಷ್ಟೆ ಮಾಡುತ್ತಿದ್ದರು. ಮೇಲೆ ಸಿಟ್ಟು ಮಾಡಿದರೂ ಒಳಗೊಳಗೇ ನಾನು ಬೀಗುತ್ತಿದ್ದೆ. ನಾನು ನೀರು ಹಾಕದಿದ್ದರೆ ಇಡೀ ಧಾರವಾಡವೇ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬ ಜಂಬ ನನಗೆ.

ಈಗ ಸುಶೀಲತ್ತೆಯ ವಿಷಯ ಹೇಳಬೇಕು. ಇಷ್ಟು ಹೊತ್ತು ನಾನು ಸುತ್ತಿ ಬಳಸಿ ಮಾತಾಡುತ್ತಿರುವುದು ಅದನ್ನು ಹೇಳಲು ನಾಚಿಕೆಯಾಗಿಯೇ. ಅತ್ತೆ ಎಂದರೆ ಅಪ್ಪನ ತಂಗಿ. ಹರಿಹರಕ್ಕೆ ಕೊಟ್ಟಿದ್ದರು. ಗುಡಿಯಿಂದ ಹೊಳೆಗೆ ಹೋಗುವ ದಾರಿಯಲ್ಲಿ ಅವರ ಮನೆ. ಅವಳ ದನಿ ಹೇಗಿತ್ತೆಂದರೆ, ಅವಳು ನಮ್ಮ ಮನೆಗೆ ಬಂದಾಗ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಹಾಡಿಕೊಂಡರೂ ಗಿರಣಿಗೆ ಜೋಳ ತಂದ ಹೆಂಗಸರು ಸರದಿ ಬಿಟ್ಟು ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಅವಳ ಗಂಡ, ನಮ್ಮ ಮಾವ, ಮೆತ್ತಗಿನ ಮನುಷ್ಯ. ಹೆಂಡತಿ ಹಾಡಬೇಕೆಂಬ ಆಸೆ ಅವಳಿಗಿಂತ ಅವರಿಗೇ ಹೆಚ್ಚು. ಅವರೇ ಧಾರವಾಡದ ರೇಡಿಯೋ ನಿಲಯಕ್ಕೆ ಕಾಗದ ಬರೆದು, ದನಿ ಪರೀಕ್ಷೆಗೂ ಕರೆದುಕೊಂಡು ಹೋಗಿ ಬಂದಿದ್ದರು. ಅತ್ತೆ ಪಾಸಾದಳು. ಇಂಥ ದಿನ ಸಂಜೆ ಕಾಲು ಗಂಟೆ ಹಾಡಬೇಕೆಂದು ಕಾಗದ ಬಂತು.

ಒಪ್ಪಬೇಕಾದವರು ಅತ್ತೆಯ ಅತ್ತೆ ಗುರುಬಸಮ್ಮನವರು. ಕೆಟ್ಟವರಲ್ಲ. ಆದರೆ ಅವರ ಮನೆಯ ಸೊಸೆಯಂದಿರು ಹಾಡಿದರೆ ತೊಟ್ಟಿಲ ಮುಂದೆ, ಇಲ್ಲವೇ ದೇವರ ಕೋಣೆಯಲ್ಲಿ. ಅವರು ಎರಡು ದಿನ ಯೋಚನೆ ಮಾಡಿ ಒಂದು ಮಾತು ಹೇಳಿದರಂತೆ.

"ಒಂದ್ಸಲ ಹೋಗಿ ಬರ್ಲಿ. ದಾವಣಗೆರಿ ಬೀಗರ ಮನ್ಯಾಗೆ ಕುಂತು ನಾನೇ ಕೇಳ್ತೀನಿ. ನಾಕು ಮಂದಿ ಕುಂತು ಕೇಳೋ ಹಂಗಿದ್ರೆ ಮುಂದಿಂದು ನೋಡಾಣ. ಇಲ್ಲಾಂದ್ರೆ ಅಲ್ಲಿಗೇ ಸಾಕು."

ಹರಿಹರದ ಅವರ ಮನೆಯಲ್ಲಿ ರೇಡಿಯೋ ಇರಲಿಲ್ಲ. ಹಾಗಾಗಿ ಸುಶೀಲತ್ತೆಯ ಹಾಡಿನ ಹಣೆಬರಹ ನಮ್ಮ ಪಡಸಾಲೆಗೆ ಬಂದು ಕೂತಿತು. ಧಾರವಾಡಕ್ಕೆ ಹೊರಡುವ ಹತ್ತು ದಿನ ಮುಂಚೆ ಅತ್ತೆ ನಮ್ಮಲ್ಲಿಗೆ ಬಂದಳು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಆ ಗುಂಡಿ ನೋಡಿ ನಕ್ಕಳು. ನನ್ನ ಗದ್ದ ಹಿಡಿದು, "ಚೆಂದಾಗಿ ನೀರು ಹಾಕ್ಬೇಕು ನೋಡೇ ಗಿರಿಜಾ. ನನ್ನ ದನಿ ನಿನ್ನ ಕೈಯಾಗೈತೆ," ಎಂದಳು.

"ಹಾಕ್ತೀನಿ ಬಿಡತ್ತೆ," ಎಂದೆ.

ಆಮೇಲೆ ಬೇಸಿಗೆ ರಜೆ ಬಂತು. ಹಿತ್ತಲ ನೆಲ ಬೆಳಿಗ್ಗೆ ಒಂಬತ್ತಕ್ಕೇ ಅಂಗಾಲು ಸುಡುತ್ತಿತ್ತು. ಬಾವಿಯ ನೀರು ಕೆಳಗಿಳಿದು ಹಗ್ಗಕ್ಕೆ ಹಗ್ಗ ಕಟ್ಟಿ ಸೇದಬೇಕಿತ್ತು. ಎದುರು ಮನೆಯ ಜಗುಲಿಯಲ್ಲಿ ಬೇವಿನ ನೆರಳು, ನಾಲ್ಕು ಜನ ಗೆಳತಿಯರು, ಗಜ್ಜುಗದಾಟ. ಮೊದಲ ದಿನ ಮರೆತೆ. ಎರಡನೇ ದಿನ ಒಂದೇ ಕೊಡ ಹಾಕಿದೆ. ಮೂರನೇ ದಿನ ಅಪ್ಪ ಅಂಗಡಿಯಿಂದ ಬಂದವನೇ "ನೀರು ಹಾಕಿದೇನವ್ವಾ?" ಎಂದಾಗ, ಗಜ್ಜುಗ ಉಡಿಯಲ್ಲಿಟ್ಟುಕೊಂಡು "ಹಾಕೀನಪ್ಪಾ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅಲ್ಲಿಂದ ಮುಂದೆ ದಿನಾ ಅಪ್ಪ ಕೇಳುತ್ತಿದ್ದ, ದಿನಾ ನಾನು ಹಾಗೇ ಹೇಳುತ್ತಿದ್ದೆ. ಗುಂಡಿಯ ಮಣ್ಣು ಬಿರುಕು ಬಿಟ್ಟಿತ್ತು. ಇದ್ದಿಲ ಚೂರು ಮೇಲೆ ಕಾಣುತ್ತಿತ್ತು. ಅತ್ತೆ ಹಾಡುವ ದಿನ ಒಟ್ಟಿಗೆ ಹತ್ತು ಕೊಡ ಸುರಿದರಾಯಿತು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಆ ದಿನವೂ ಬಂತು. ಬೆಳಿಗ್ಗೆ ಸುರಿಯಬೇಕೆಂದಿದ್ದೆ, ಅವ್ವ ಹೂರಣ ರುಬ್ಬಲು ಕೂರಿಸಿದಳು. ಮಧ್ಯಾಹ್ನ ಸುರಿಯಬೇಕೆಂದೆ, ಹೊಸ ಲಂಗ ತೋರಿಸಲು ಎದುರು ಮನೆಗೆ ಹೋದವಳು ಆಟಕ್ಕೆ ಕೂತುಬಿಟ್ಟೆ. ಸಂಜೆ ಓಣಿಯ ತುದಿಯಲ್ಲಿ ಜಟಕಾ ನಿಂತಿತು. ಗುರುಬಸಮ್ಮನವರು ಇಳಿದರು. ಗುಡುಗುಡು ಓಡಿ ಮನೆಗೆ ಬಂದೆ. ಹಿತ್ತಲಿಗೆ ಹೋಗುವುದು ಹೇಗೆ? ಪಡಸಾಲೆಯ ತುಂಬ ಜನ, ಅವರ ಕಣ್ಣೆದುರೇ ಹಿತ್ತಲ ಬಾಗಿಲು.

"ಬರ್ರಿ, ಬರ್ರಿ, ಕೂಡ್ರಿ," ಎಂದು ಅಪ್ಪ ಜಮಖಾನ ಹಾಸಿದ. ಹೋಳಿಗೆ ತುಪ್ಪದ ಘಮ ಪಡಸಾಲೆಯವರೆಗೂ ಬಂದಿತ್ತು. ಓಣಿಯ ಹೆಂಗಸರು ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತಿದ್ದರು. ಬಾತಿ ಗುಡ್ಡದ ಕಡೆ ಆಕಾಶ ಕಪ್ಪಾಗಿತ್ತು. ಗುರುಬಸಮ್ಮನವರು ರೇಡಿಯೋಕ್ಕೆ ಎದುರಾಗಿ ಕೂತು, ಸೆರಗು ಹೊದ್ದು, ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡರು. "ಇದೇ ಏನವ್ವಾ ರೇಡಿಯೋಕ್ಕೆ ನೀರು ಹಾಕೋ ಹುಡುಗಿ? ಸುಶೀಲಾ ಹೇಳಿದ್ಲು," ಎಂದು ತಲೆ ಸವರಿದರು.

ಅಪ್ಪ ರೇಡಿಯೋದ ಗುಂಡಿ ತಿರುವಿದ. ಧೂಳು ಕಾಯ್ದ ವಾಸನೆ ಬಂತು, ಹಸಿರು ಕಣ್ಣು ತೆರೆಯಿತು. ಗೊರಗೊರದ ನಡುವೆ ಯಾರೋ ಹರಿಹರದ ಹೆಸರು ಹೇಳಿದರು, ಆಮೇಲೆ ಅತ್ತೆಯ ಹೆಸರು ಅರ್ಧ ಕೇಳಿತು. ತಂಬೂರಿಯೋ ಸದ್ದೋ ಗೊತ್ತಾಗದ ಒಂದು ಎಳೆ. ಅದರ ಮೇಲೆ ಒಂದು ದನಿ ಎದ್ದಿತು, ಮುಳುಗಿತು, ಮತ್ತೆ ಎದ್ದಿತು. ಅಪ್ಪ ನಿಲಯ ತೋರಿಸುವ ಮುಳ್ಳನ್ನು ಆಚೆ ಈಚೆ ಸರಿಸಿದ. ರೇಡಿಯೋದ ತಲೆಗೆ ಮೆಲ್ಲಗೆ ತಟ್ಟಿದ. ನಂತರ ಎಲ್ಲರೆದುರು ನನ್ನ ಕಡೆ ತಿರುಗಿದ.

"ಗಿರಿಜಾ, ನೀರು ಹಾಕೀಯಲ್ಲ?"

"ಹಾಕೀನಪ್ಪಾ." ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು. "ಗಿರಣಿ ನಡೀತೈತಲ್ಲಪ್ಪಾ, ಅದಕ್ಕೇ," ಎಂದೆ.

ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಪಕ್ಕಕ್ಕೆ ಓಡಿದ. ಗಿರಣಿ ನಿಂಗಣ್ಣ ಪಟ್ಟಾ ಇಳಿಸಿ ಗಿರಣಿ ನಿಲ್ಲಿಸಿದ. ಜೋಳದ ಪುಟ್ಟಿ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸರು, "ನಿಂತಿರ್ಲಿ ಬಿಡಣ್ಣಾ, ನಮ್ಮ ಸುಶೀಲಕ್ಕ ಹಾಡ್ತಾಳಂತೆ," ಎಂದು ತಾವೂ ಬಂದರು. ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡ ನಿಂಗಣ್ಣ ಬಾಗಿಲಲ್ಲಿ ಬಂದು ನಿಂತು, ತಾನೇ ತಪ್ಪು ಮಾಡಿದವನಂತೆ ಕೇಳಿದ.

"ಈಗ ಹೆಂಗೈತ್ರಿ?"

ಹಾಗೇ ಇತ್ತು. ಗಿರಣಿ ನಿಂತ ಮೇಲೆ ಗೊರಗೊರ ಇನ್ನೂ ಚೆನ್ನಾಗಿ ಕೇಳಿಸಿತು.

ಬಚ್ಚಲ ಬಾಯಲ್ಲಿ ತುಂಬಿದ ಕೊಡ ಇತ್ತು. ಅಲ್ಲಿಂದ ಗುಂಡಿಗೆ ಹತ್ತು ಹೆಜ್ಜೆ. ಎದ್ದು ಹೋಗಿ ಸುರಿದು ಬರಲು ಎಷ್ಟು ಹೊತ್ತು? ಇನ್ನೂ ಎರಡು ಹಾಡು ಬಾಕಿ ಇದ್ದವು. ಆದರೆ ಎದ್ದರೆ ಎಲ್ಲರೂ ನೋಡುತ್ತಾರೆ, ಶಿವು ಮೊದಲು ನೋಡುತ್ತಾನೆ, ಈಗ್ಯಾಕೆ ನೀರು ಎಂದು ಕೇಳುತ್ತಾನೆ. ನಾನು ಎದ್ದೆನೇ? ಇಲ್ಲ. ಕಾಲು ಮಡಚಿ, ಹೊಸ ಲಂಗದ ಅಂಚು ಹಿಡಿದುಕೊಂಡು, ಇಡೀ ಕಾಲು ಗಂಟೆ ಕೂತೇ ಇದ್ದೆ.

ಗುರುಬಸಮ್ಮನವರು ಎಷ್ಟು ಪ್ರಯತ್ನಪಟ್ಟರೆಂಬುದು ನನಗೆ ಮಾತ್ರ ಗೊತ್ತು, ಏಕೆಂದರೆ ನಾನು ಅವರ ಮಗ್ಗುಲಲ್ಲೇ ಇದ್ದೆ. ಅವರು ಸೆರಗು ಸರಿಸಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಮುಂದೆ ಬಾಗಿದ್ದರು. "ಇದು ನಮ್ಮ ಸುಶೀಲಂದೇ ದನಿ ಏನ್ರಿ?" ಎಂದು ಒಮ್ಮೆ ಕೇಳಿದರು. ಸೊಸೆಯ ಹಾಡು ಚೆನ್ನಾಗಿರಲಿ ಎಂದೇ ಬಂದಿದ್ದರು ಆ ಹೆಂಗಸು. ಮೂರನೇ ಹಾಡು ಮುಗಿಯುವ ಮೊದಲೇ ಆ ಕೈ ನಿಧಾನವಾಗಿ ಕೆಳಗಿಳಿದು ಮಡಿಲಿಗೆ ಬಂತು. ಆ ಕೈ ಇಳಿದದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

"ಅಷ್ಟು ದೂರ ಹೋಗಿ ಹಾಡಿದ್ದು ಇಷ್ಟು ಕೇಳ್ಸಾಕಾ?" ಎಂದರು. "ಸಾಕು ಬಿಡ್ರಿ ಬೀಗರೇ. ಮನ್ಯಾಗೇ ಹಾಡ್ಲಿ. ನಾವಾದ್ರೂ ಕೇಳ್ತೀವಿ."

ಅಪ್ಪ ಏನೇನೋ ಸಮಜಾಯಿಷಿ ಹೇಳಿದ. ಮೋಡ ಎಂದ, ಮಿಂಚು ಎಂದ, ಇನ್ನೊಂದು ಸಲ ನೋಡೋಣ ಎಂದ. ಅವರು ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿಕೊಂಡು ಹೊರಟರು. ಮರುದಿನ ಬೆಳಗಾಗುವುದರೊಳಗೆ ಎದ್ದು ನಾನು ಗುಂಡಿಗೆ ಕೊಡದ ಮೇಲೆ ಕೊಡ ಸುರಿದೆ. ಒಣಗಿದ ಮಣ್ಣು ಜುಯ್ಯೆಂದು ಕುಡಿಯಿತು. ಅವ್ವ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಇಲ್ಲಿಗೇ ಮುಗಿದಿದ್ದರೆ ಇದೊಂದು ಸೋಮಾರಿ ಹುಡುಗಿಯ ಕಥೆ, ನಾನು ಬರೆಯುವ ಕೆಲಸವೇ ಇರಲಿಲ್ಲ.

ಹದಿನೈದು ದಿನದ ಮೇಲೆ ಅಪ್ಪ ನನ್ನನ್ನು ರಜೆ ಕಳೆಯಲು ಹರಿಹರದಲ್ಲಿ ಬಿಟ್ಟು ಬಂದ. ಅತ್ತೆ ಬಟ್ಟೆ ಒಗೆಯಲು ಹೊಳೆಗೆ ಹೊರಟಾಗ ನಾನೂ ಹೋದೆ. ಬೇಸಿಗೆಯ ತುಂಗಭದ್ರೆ ಒಂದು ಪಕ್ಕಕ್ಕೆ ಸರಿದು ಹರಿಯುತ್ತಿತ್ತು. ಮರಳಿನಲ್ಲಿ ಕರಬೂಜದ ಬಳ್ಳಿಗಳು ಹಬ್ಬಿದ್ದವು. ಅತ್ತೆ ಸೀರೆ ಹಿಂಡುತ್ತ, ನನ್ನ ಕಡೆ ನೋಡದೆಯೇ ಕೇಳಿದಳು.

"ಅವತ್ತು ಹೆಂಗೆ ಕೇಳ್ತೇ ಗಿರಿಜಾ?"

ಇಲ್ಲಿಯವರೆಗೂ ಬಂತೇ ಇದು ಎಂದುಕೊಂಡೆ.

"ಚೆಂದಾಗಿ ಕೇಳ್ತತ್ತೆ."

"ನಿಮ್ಮಪ್ಪ ಬರೀ ಗೊರಗೊರ ಅಂತು ಅಂದ."

"ಇಲ್ಲತ್ತೆ. ಸ್ವಲ್ಪ ಮೊದ್ಲು ಅಂತು, ಆಮ್ಯಾಲೆ ಎಲ್ಲಾ ಕೇಳ್ತು."

ಅವಳು ಸೀರೆ ಹಿಂಡುವುದನ್ನು ನಿಲ್ಲಿಸಿದಳು. "ನಂಗೂ ಹಂಗೇ ಅನಿಸಿತ್ತು. ಗೊರಗೊರ ಅಂತ ಅಣ್ಣ ನನ್ನ ಸಮಾಧಾನಕ್ಕೆ ಹೇಳ್ಯಾನ. ನೀನು ಸಣ್ಣೋಳು, ನೀನ್ಯಾಕ ಸುಳ್ಳು ಹೇಳ್ತಿ?" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು. "ಮೂರನೇ ಹಾಡಿನಾಗೆ, ಮ್ಯಾಲೆ ಹೋಗೋ ಕಡೆ, ನನ್ನ ದನಿ ನಡುಗಿಬಿಡ್ತು. ಅದೂ ಕೇಳ್ತಾ?"

ಮೂರನೇ ಹಾಡು ನಮಗೆ ಯಾರಿಗೂ ಕೇಳಿರಲಿಲ್ಲ. ನಡುಗಿದ್ದನ್ನು ಲೋಕದಲ್ಲಿ ಬೇರೆ ಯಾರು ಕೇಳಿದ್ದರೋ, ನಮ್ಮ ಪಡಸಾಲೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಲಿಲ್ಲ ಎಂದರೆ ಯಾಕೆ ಕೇಳಲಿಲ್ಲ ಎನ್ನುತ್ತಾಳೆ, ಆಗ ನೀರಿನ ಮಾತು ಬರುತ್ತದೆ. ಎಲ್ಲ ಕೇಳಿತು ಎಂದವಳು ಅದನ್ನೂ ಕೇಳಿರಬೇಕಲ್ಲ. ಹತ್ತು ವರ್ಷದ ನನ್ನ ಬುದ್ಧಿ ಇಷ್ಟೆಲ್ಲ ಲೆಕ್ಕ ಹಾಕಿತು.

"ಹ್ಞೂಂ ಅತ್ತೆ. ಕೇಳ್ತು."

ಅತ್ತೆ ಹಿಂಡಿ ಮುಗಿದಿದ್ದ ಸೀರೆಯನ್ನು ಮತ್ತೊಮ್ಮೆ ಹಿಂಡಿದಳು. ಅದರಿಂದ ಒಂದು ಹನಿಯೂ ಬೀಳಲಿಲ್ಲ. "ಅದಕ್ಕೇ ಮತ್ತೆ. ಮನ್ಯಾಗೇ ಹಾಡು ಅಂದ್ರು ನಮ್ಮತ್ತೆ. ಯಾಕ ಅಂತ ಹೇಳ್ಲಿಲ್ಲ, ಪಾಪ, ನಾನು ನೊಂದ್ಕೋತೀನಿ ಅಂತ," ಎಂದು ಬುಟ್ಟಿ ಎತ್ತಿಕೊಂಡಳು. ದಾರಿಯಲ್ಲಿ ನನಗೆ ಒಂದು ಕರಬೂಜ ಕೊಡಿಸಿದಳು. ನಾನು ಅದನ್ನು ಪೂರ್ತಿ ತಿಂದೆ. ಇದನ್ನು ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಯಾಕೋ ಅದಕ್ಕೇ.

ಧಾರವಾಡದಿಂದ ಮತ್ತೊಮ್ಮೆ ಕಾಗದ ಬಂದಿತ್ತಂತೆ. ಮಾವ ಎಷ್ಟು ಹೇಳಿದರೂ ಅತ್ತೆಯೇ ಒಲ್ಲೆ ಎಂದಳಂತೆ. "ನಮ್ಮತ್ತೆ ಬ್ಯಾಡ ಅಂದಾರೆ" ಎಂದು ಹೇಳಿದಳಂತೆ, ಆದರೆ ಗುರುಬಸಮ್ಮನವರು ಆ ಸಲ ಬೇಡ ಎಂದೇನೂ ಅನ್ನಲಿಲ್ಲ ಎಂದು ನನಗೆ ಬಹಳ ವರ್ಷದ ಮೇಲೆ ಮಾವನೇ ಹೇಳಿದರು. ಮನೆಯಲ್ಲಾದರೂ ಹಾಡಿದಳೇ ಎಂದರೆ ಅದೂ ಇಲ್ಲ. ತೊಟ್ಟಿಲಿಗೆ, ಮದುವೆಗೆ, ಹಾಡು ಎಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವಳು ಹಾಡುತ್ತಿದ್ದದ್ದು ಪಂಪ್ ಸ್ಟೌವ್ ಹತ್ತಿಸಿದಾಗ ಮಾತ್ರ. ಅದು ಭರ್ರೆಂದು ಉರಿಯುತ್ತಿರುವಾಗ, ಆ ಸದ್ದಿನ ಕೆಳಗೆ, ತುಟಿ ಅಲುಗಿದಷ್ಟೇ ಕಾಣುವ ಹಾಗೆ ಹಾಡಿಕೊಳ್ಳುತ್ತಿದ್ದಳು. ಸ್ಟೌವ್ ಆರಿಸಿದ ಕೂಡಲೇ ಹಾಡೂ ನಿಲ್ಲುತ್ತಿತ್ತು.

ನನ್ನ ಮದುವೆಯಾದ ಮೇಲೆ ಒಮ್ಮೆ ಹರಿಹರಕ್ಕೆ ಹೋದೆ, ಹೇಳಿಯೇಬಿಡಬೇಕೆಂದು. ಅತ್ತೆ ಉರಿಯುವ ಸ್ಟೌವಿನ ಮುಂದೆ ಕೂತು ಹಾಡಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿದೆ. ಎರಡು ಅಕ್ಷರ ತೇಲಿ ಬಂದು ಮುಳುಗುತ್ತಿದ್ದವು, ಅವತ್ತಿನ ಹಾಗೇ.

"ಅತ್ತೆ, ಸ್ಟೌವ್ ಆರ್ಸಿ ಹಾಡತ್ತೆ. ನಂಗೆ ಕೇಳ್ಬೇಕು."

"ಬ್ಯಾಡವ್ವಾ. ನನ್ನ ದನಿ ನಡುಗ್ತೈತೆ," ಎಂದು ನಕ್ಕಳು. "ನೀನೇ ಕೇಳೀಯಲ್ಲ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ. "ಚಹಾ ಆತೇನತ್ತೆ?" ಎಂದು ಕೇಳಿದೆ.

ಈಗ ದಾವಣಗೆರೆಯ ನನ್ನ ಅಡುಗೆಮನೆಯಲ್ಲಿ ಎಫ್.ಎಂ. ರೇಡಿಯೋ ಇದೆ. ಏರಿಯಲ್ ಇಲ್ಲ, ಅರ್ತ್ ಇಲ್ಲ, ಗುಂಡಿ ತೋಡಲು ಹಿತ್ತಲೂ ಇಲ್ಲ. ಹಾಡುವವರು ಉಸಿರೆಳೆದುಕೊಂಡದ್ದೂ ಕೇಳುತ್ತದೆ. ಇದನ್ನು ರಿಪೇರಿಗೆ ಕೊಂಡುಹೋದಾಗ, ಈಗ ಮೊಬೈಲು ರಿಪೇರಿ ಮಾಡುವ ಹಳೆಯ ರೇಡಿಯೋ ಮೆಕ್ಯಾನಿಕ್ಕು ಒಬ್ಬರನ್ನು, ಅವತ್ತಿನ ಮೋಡ, ಗಿರಣಿ ಎಲ್ಲ ಹೇಳಿ, ಎಷ್ಟೋ ವರ್ಷದಿಂದ ಒಳಗೆ ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ. ಅರ್ತ್ ಒಣಗಿದ್ದರೆ ಹಾಡು ಪೂರ್ತಿ ಕೆಡುತ್ತಿತ್ತೇ?

ಅವರು ಕನ್ನಡಕ ತೆಗೆದಿಟ್ಟು ವಿವರಿಸಿದರು. "ಅದು ಎ.ಎಂ. ಅಲ್ರಿ ಅಮ್ಮಾ. ಅಲೆ ಎಷ್ಟು ಜೋರು, ಎಷ್ಟು ಮೆತ್ತಗೆ ಅನ್ನೋದ್ರಾಗೇ ದನಿ ಇರ್ತಿತ್ತು. ಮಿಂಚು ಹೊಡೆದ್ರೆ, ಮೋಟರ್ ಕಿಡಿ ಹಾರಿದ್ರೆ, ಅವೂ ಅದ್ರಾಗೇ ಬಂದು ಸೇರ್ಕೋತಿದ್ವು. ಎಫ್.ಎಂ.ನಾಗೆ ಹಂಗಲ್ಲ, ಅಲೆ ಎಷ್ಟು ಬೇಗ ಬೇಗ ಬರ್ತೈತೆ ಅನ್ನೋದ್ರಾಗೆ ದನಿ ಐತೆ, ಅದಕ್ಕೆ ಆ ಗದ್ದಲ ತಾಕೋದು ಕಡಿಮೆ. ಆದ್ರೆ ಇದು ಬಾಳ ದೂರ ಹೋಗಲ್ಲ. ಅದು ಧಾರವಾಡದಿಂದ ಇಲ್ಲಿಗೆ ಬರ್ತಿತ್ತು ನೋಡ್ರಿ."

"ನೀರು?"

"ಮೋಡ ಇತ್ತು ಅಂತೀರಿ. ಹಂಗಾದ್ರೆ ನೀವು ಹೊಳೇನೇ ತಂದು ಸುರಿದಿದ್ರೂ ಅಷ್ಟೇ ಇರ್ಬೌದು. ಅರ್ತ್ ಒಣಗಿದ್ರೆ ಸ್ವಲ್ಪ ಹೆಚ್ಚು ಕಮ್ಮಿ, ಅಷ್ಟೇ. ಈಗ ಯಾರಿಗೆ ಹೇಳಾಕಾಗ್ತೈತೆ ಬಿಡ್ರಿ."

ಒಂದು ಕ್ಷಣ ನಿಜವಾಗಿಯೂ ಹಗುರಾಯಿತು. ನೀರು ಹಾಕದ ತಪ್ಪು ಅರ್ಧ ಮಿಂಚಿನ ಪಾಲಿಗೆ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಹೊಳೆಯ ದಂಡೆ ನೆನಪಾಯಿತು. ಅಲ್ಲಿ ಮೋಡ ಇರಲಿಲ್ಲ, ಗಿರಣಿ ಇರಲಿಲ್ಲ. ನನ್ನ ಮಾತು ಅತ್ತೆಗೆ ಸ್ಪಷ್ಟವಾಗಿ ಕೇಳಿತ್ತು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಅವಳ ದನಿ ಯಾವ ಟೇಪಿನಲ್ಲೂ ಇಲ್ಲ. ಅವಳ ಮನೆಯ ಪಂಪ್ ಸ್ಟೌವ್ ಕೂಡ ಯಾವ ಗುಜರಿಗೆ ಹೋಯಿತೋ. ನನ್ನ ಹೊಸ ರೇಡಿಯೋ ಎರಡು ನಿಲಯಗಳ ನಡುವೆ ಸುಮ್ಮನಾಗಿಬಿಡುತ್ತದೆ, ಗೊರಗೊರ ಎನ್ನುವುದೂ ಇಲ್ಲ. ಆ ಸುಮ್ಮನಿರುವ ಜಾಗದಲ್ಲಿ ಮುಳ್ಳು ನಿಲ್ಲಿಸಿ ನಡುವೆ ಯಾವ ಸದ್ದೂ ಇಲ್ಲವಲ್ಲ ಎಂಬ ಧೈರ್ಯದಿಂದ ನಾನು ಕೆಲವು ಸಲ ಅತ್ತೆಗೆ ಹೇಳುವುದುಂಟು: ಕೇಳ್ಲಿಲ್ಲತ್ತೆ. ಅವತ್ತು ನಮಗೆ ಏನೂ ಕೇಳ್ಲಿಲ್ಲ.